ಕೇಳಿಸುತ್ತಿದೆಯೇ?

ಸಭೆ ಸಮಾರಂಭಗಳಲ್ಲಿ ಅಧ್ಯಕ್ಷರಿಗಿಂತ ಮೊದಲೇ ವೇದಿಕೆಯನ್ನು ಏರುವ ವ್ಯಕ್ತಿಯೊಬ್ಬನುಂಟು. ಆಹ್ವಾನಪತ್ರಿಕೆಯಲ್ಲಿ ಅವನ ಹೆಸರಿರುವುದಿಲ್ಲ. ಅವನ ಕೊರಳಿಗೆ ಹಾರ ಬೀಳುವುದಿಲ್ಲ. ವಂದನಾರ್ಪಣೆಯಲ್ಲಿ ಯಾರಾದರೂ ನೆನೆದರೆ ಅದೇ ದೊಡ್ಡದು. ತಂತಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತ ಬಂದು, ಮೈಕಿನ ನೆತ್ತಿಯನ್ನು ಬೆರಳಿನಿಂದ ಎರಡು ಬಾರಿ ತಟ್ಟಿ, "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್, ಟೂ, ತ್ರೀ" ಎನ್ನುತ್ತಾನೆ. ಆಗ ಅವನ ನೋಟ ಸಭಿಕರ ಕಡೆಗಿರುವುದಿಲ್ಲ. ಕೊನೆಯ ಸಾಲಿನ ಹಿಂದೆ ಕಂಬಕ್ಕೆ ಒರಗಿ ನಿಂತ ತನ್ನ ಜೊತೆಗಾರನ ಕಡೆಗಿರುತ್ತದೆ. ಅಲ್ಲಿಂದ ಒಂದು ಕೈ ಮೇಲೆದ್ದಿತೆಂದರೆ ಅವನ ಕೆಲಸ ಮುಗಿಯಿತು. ತನ್ನ ಮಾತು ತಲುಪಿತೋ ಇಲ್ಲವೋ ಎಂಬುದನ್ನು ಮಾತನಾಡುವವನು ತಾನಾಗಿಯೇ ತಿಳಿಯಲಾರ, ದೂರದಲ್ಲಿ ನಿಂತವನೊಬ್ಬನು ಹೇಳಬೇಕು ಎಂಬ ಸತ್ಯವನ್ನು ಅವನಷ್ಟು ಚೆನ್ನಾಗಿ ಅರಿತ ಭಾಷಣಕಾರರು ವಿರಳ.

ಇಂದು ಮನೆಮನೆಯಲ್ಲಿಯೂ ಇರುವ ಸ್ಮಾರ್ಟ್‌ಫೋನಿನ ಒಳಗೂ ಮೈಕು ಇದೆ. ಆದರೆ ಅದಕ್ಕೆ ಇಂಥ ಪರೀಕ್ಷಕನಿಲ್ಲ. ಫೋನಿನ ಗಾಜು ಒಡೆದರೆ ಕಣ್ಣಿಗೆ ಕಾಣುತ್ತದೆ. ಬ್ಯಾಟರಿ ಇಳಿದರೆ ಫೋನೇ ಕೂಗಿ ಹೇಳುತ್ತದೆ. ಸ್ಪೀಕರು ಕೆಟ್ಟರೆ ಒಡೆಯನ ಕಿವಿಗೆ ತಿಳಿಯುತ್ತದೆ. ಮೈಕು ಕೆಟ್ಟರೆ ಮಾತ್ರ ಒಡೆಯನಿಗೆ ಏನೂ ತಿಳಿಯದು. ದೂರು ಆಚೆಯ ತುದಿಯಿಂದ ಬರಬೇಕು. ಅದೂ ಯಂತ್ರದ ಮೇಲಿನ ದೂರಾಗಿ ಬರುವುದಿಲ್ಲ, ಮನುಷ್ಯನ ಮೇಲಿನ ದೂರಾಗಿಯೇ ಬರುತ್ತದೆ. "ಸ್ವಲ್ಪ ಗಟ್ಟಿಯಾಗಿ ಮಾತಾಡಿ," "ಯಾಕೆ ಗೊಣಗುತ್ತೀರಿ?" ಇತ್ಯಾದಿ.

ಕನ್ನಡದಲ್ಲಿ ಮೈಕನ್ನೂ ಹಾರ್ನನ್ನೂ ಒಟ್ಟಿಗೆ ಸೇರಿಸಿ 'ಧ್ವನಿವರ್ಧಕ' ಎಂದು ಕರೆಯುವ ರೂಢಿ ಬಿದ್ದುಹೋಗಿದೆ. ಇದರಿಂದ ಒಂದು ತಪ್ಪುಕಲ್ಪನೆಯೂ ಬೆಳೆಯಿತು. ಮೈಕು ಯಾವ ಧ್ವನಿಯನ್ನೂ ವರ್ಧಿಸುವುದಿಲ್ಲ. ಅದು ಕೇಳಿಸಿಕೊಳ್ಳುತ್ತದೆ, ಅಷ್ಟೆ. ಅದು ಬಾಯಲ್ಲ, ಕಿವಿ. ಹಳೆಯ ಕಪ್ಪು ಟೆಲಿಫೋನುಗಳಲ್ಲಿ ಈ ಕಿವಿಯೊಳಗೆ ಇಂಗಾಲದ ಸಣ್ಣ ಹರಳುಗಳಿದ್ದವು. ಮಾತಿನ ಒತ್ತಡಕ್ಕೆ ಅವು ಬಿಗಿದು ಸಡಿಲಗೊಂಡಂತೆ ವಿದ್ಯುತ್ ಪ್ರವಾಹ ಏರಿಳಿಯುತ್ತಿತ್ತು. ಹರಳುಗಳು ಒಂದಕ್ಕೊಂದು ಅಂಟಿಕೊಂಡು ಕೂತರೆ ಧ್ವನಿ ಮಂಕಾಗುತ್ತಿದ್ದುದರಿಂದ, ಅಂದಿನವರು ರಿಸೀವರನ್ನು ಅಂಗೈಗೆ ಬಡಿಯುತ್ತಿದ್ದುದು ಸಿಟ್ಟಿನ ಲಕ್ಷಣವಲ್ಲ, ನಿಜವಾದ ಚಿಕಿತ್ಸೆಯೇ ಆಗಿತ್ತು. ಆ ಅಭ್ಯಾಸ ಇಂದಿಗೂ ಉಳಿದಿದೆ, ಹರಳುಗಳು ಮಾತ್ರ ಇಲ್ಲ. ಸ್ಮಾರ್ಟ್‌ಫೋನಿನ ಮೈಕು ಸಿಲಿಕಾನಿನಲ್ಲಿ ಕೊರೆದದ್ದು. 3–4 ಮಿಲಿಮೀಟರ್ ಉದ್ದ, ಸುಮಾರು 1 ಮಿಲಿಮೀಟರ್ ದಪ್ಪ. ಒಳಗೆ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪೊರೆಯೊಂದು, ಅದರ ಮಗ್ಗುಲಲ್ಲೇ ರಂಧ್ರಗಳುಳ್ಳ ಫಲಕವೊಂದು. ಮಾತು ಬಂದಾಗ ಪೊರೆ ನಡುಗುತ್ತದೆ, ಎರಡರ ನಡುವಣ ಅಂತರ ಬದಲಾಗುತ್ತದೆ, ಆ ಬದಲಾವಣೆಯೇ ವಿದ್ಯುತ್ ಸಂಕೇತವಾಗುತ್ತದೆ. ಇಂಥದ್ದನ್ನು ಬಡಿದು ಸರಿಪಡಿಸುತ್ತೇನೆ ಎನ್ನುವುದು ಗುಬ್ಬಚ್ಚಿಗೆ ಗುದ್ದಲಿಯಿಂದ ಕಾಳು ಹಾಕಿದ ಹಾಗೆ.

ಸಾಮಾನ್ಯವಾಗಿ ಒಂದು ಫೋನಿನಲ್ಲಿ ಇಂಥ ಕಿವಿ ಒಂದಲ್ಲ, ಎರಡು ಅಥವಾ ಮೂರು. ಒಂದು ಕೆಳಗೆ, ಚಾರ್ಜರ್ ಚುಚ್ಚುವ ಕಂಡಿಯ ಪಕ್ಕದಲ್ಲಿ. ಮತ್ತೊಂದು ಮೇಲಂಚಿನಲ್ಲಿ ಇಲ್ಲವೆ ಬೆನ್ನಿನ ಕಡೆ ಕ್ಯಾಮೆರಾದ ಬಳಿ. ಫೋನನ್ನು ಕಿವಿಗಿಟ್ಟು ಮಾತನಾಡುವಾಗ ಕೆಳಗಿನದು ಬಾಯಿಯ ಮಾತನ್ನು ಕೇಳುತ್ತದೆ; ಮೇಲಿನದು ಸುತ್ತಲಿನ ಗದ್ದಲವನ್ನು ಕೇಳುತ್ತದೆ. ಫೋನು ಎರಡನ್ನೂ ಹೋಲಿಸಿ, ಗದ್ದಲವನ್ನು ಕಳೆದು ಮಾತನ್ನು ಮಾತ್ರ ಮುಂದಕ್ಕೆ ಕಳಿಸುತ್ತದೆ. ಬುದ್ಧಿವಂತ ಏರ್ಪಾಡೇ ಸರಿ. ಆದರೆ ಕೆಳಗಿನ ರಂಧ್ರ ಮುಚ್ಚಿಹೋದಾಗ ಈ ಬುದ್ಧಿವಂತಿಕೆ ತಿರುಗಿ ಬೀಳುತ್ತದೆ. ಒಡೆಯನ ಮಾತನ್ನೇ ಗದ್ದಲವೆಂದು ಬಗೆದು ಅಳಿಸಿಬಿಡುವುದೂ ಉಂಟು.

ಮೈಸೂರಿನ ಸರಸ್ವತೀಪುರದ ಒಂದು ಹಳೆಯ ಮನೆಯಲ್ಲಿ ನಡೆದದ್ದು ಇದೇ. ಎಪ್ಪತ್ತಾರು ವರ್ಷದ ಆ ತಾಯಿ ಅಲ್ಲಿ ಒಬ್ಬರೇ ವಾಸವಾಗಿದ್ದಾರೆ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರಿಗೂ ಫೋನು ಮಾಡುವುದು ಅವರ ನಿತ್ಯವ್ರತ. ದೀಪಾವಳಿ ಕಳೆದ ಮೇಲೆ ಮಗಳಿಗೆ ತಾಯಿಯ ಸ್ವರ ಇಳಿದಂತೆ ತೋರಿತು. "ಏನಮ್ಮಾ, ಹುಷಾರಿಲ್ಲವೇ?" ಎಂದು ಕೇಳಿದಳು. "ಚೆನ್ನಾಗಿದ್ದೇನಲ್ಲ" ಎಂದ ಉತ್ತರವೂ ಅರ್ಧವೇ ತಲುಪಿತು. ತಾಯಿ ಗಟ್ಟಿಯಾಗಿ ಮಾತನಾಡತೊಡಗಿದರು, ಗಂಟಲು ನೋಯಿತು, ಆಮೇಲೆ ಮಾತನ್ನೇ ಕಡಿಮೆ ಮಾಡಿದರು. ಅರ್ಧ ಗಂಟೆಯ ಸಂಭಾಷಣೆ ಐದು ನಿಮಿಷಕ್ಕೆ ಬಂತು. ಮಾತು ಕಡಿಮೆಯಾದದ್ದು ಅಶಕ್ತತೆಗೆ ಎರಡನೆಯ ಸಾಕ್ಷಿಯಾಯಿತು. ಅಣ್ಣ ತಂಗಿಯರು ತಮ್ಮತಮ್ಮಲ್ಲೇ ಮಾತನಾಡಿಕೊಂಡರು: ಕೆಲವು ದಿನ ಅಮ್ಮ ಪರವಾಗಿಲ್ಲ, ಕೆಲವು ದಿನ ಸ್ವರವೇ ಹೊರಡುವುದಿಲ್ಲ, ಇನ್ನು ಒಬ್ಬರನ್ನೇ ಬಿಡಬಾರದು, ಬೆಂಗಳೂರಿಗೆ ಕರೆತಂದು ಮೈಸೂರಿನ ಮನೆಯನ್ನು ಬಾಡಿಗೆಗೆ ಕೊಡುವುದೇ ಮೇಲು. ಡಾಕ್ಟರರ ಬಳಿ ದಿನವನ್ನೂ ಗೊತ್ತುಮಾಡಿದರು. ನಲವತ್ತು ವರ್ಷ ಬಾಳಿದ ಮನೆಯ ಭವಿಷ್ಯವು ಒಂದು ಸಾಸಿವೆಕಾಳು ಹಿಡಿಸದ ರಂಧ್ರದಿಂದ ತೂಗುತ್ತಿದೆಯೆಂದು ಆ ಇಬ್ಬರು ವಿದ್ಯಾವಂತರಿಗೂ ಹೊಳೆಯಲಿಲ್ಲ.

ಹೊಳೆದದ್ದು ರಜೆಗೆಂದು ಬಂದ ಮೊಮ್ಮಗನಿಗೆ. ಅವನು ಓದುತ್ತಿರುವುದು ವಾಣಿಜ್ಯ, ಯಂತ್ರಶಾಸ್ತ್ರದ ಗಂಧವಿಲ್ಲ. ಆದರೆ ಅಜ್ಜಿ ಎದುರಿಗೆ ಕುಳಿತು ಹಾಲಿನವನೊಡನೆ ಲೆಕ್ಕಕ್ಕಾಗಿ ಜಗಳವಾಡಿದ ಸ್ವರ ಬೀದಿಯ ತಿರುವಿಗೂ ಕೇಳಿಸುವಂತಿತ್ತು. ಇಷ್ಟು ಗಟ್ಟಿಯಾದ ಗಂಟಲು ಪುಣೆಗೆ ಹೋಗುವಷ್ಟರಲ್ಲಿ ಏಕೆ ಸೊರಗಬೇಕು?

ಅವನು ಮಾಡಿದ ಪರೀಕ್ಷೆ ಸರಳ. ಮೊದಲು ಫೋನಿನಲ್ಲೇ ಇರುವ ರೆಕಾರ್ಡರನ್ನು ತೆರೆದು, ಫೋನಿನ ಕೆಳತುದಿಯನ್ನು ಅಜ್ಜಿಯ ಬಾಯಿಯ ಬಳಿ ಹಿಡಿದು, "ಏನಾದರೂ ಹೇಳಜ್ಜಿ" ಎಂದ. "ಏನು ಹೇಳಲೋ? ಹುರುಳಿಕಾಯಿ ಕಾಲು ಕೆಜಿ ತಂದಿದ್ದೀಯಾ, ಎಳೆಯದಲ್ಲ" ಎಂದರು. ಮರಳಿ ಕೇಳಿದಾಗ ಕಂಬಳಿ ಹೊದ್ದು ಬಾವಿಯೊಳಗಿಂದ ಮಾತನಾಡಿದಂತಿತ್ತು. ಮಾತು ಇನ್ನೂ ಮನೆಯಿಂದ ಹೊರಗೇ ಹೋಗಿಲ್ಲ. ಆದ್ದರಿಂದ ತಪ್ಪು ನೆಟ್‌ವರ್ಕಿನದಲ್ಲ, ಪುಣೆಯದೂ ಅಲ್ಲ. ಎರಡನೆಯದಾಗಿ ಕ್ಯಾಮೆರಾ ತೆರೆದು ಒಂದು ನಿಮಿಷ ವಿಡಿಯೋ ತೆಗೆದ. ಅದರಲ್ಲಿ ಹುರುಳಿಕಾಯಿಯ ಪ್ರಸ್ತಾಪ ಗಂಟೆ ಹೊಡೆದಂತೆ ಕೇಳಿಸಿತು. ವಿಡಿಯೋ ತೆಗೆಯುವಾಗ ಎಷ್ಟೋ ಫೋನುಗಳು ಕ್ಯಾಮೆರಾದ ಬಳಿಯ ಮೈಕನ್ನು ಬಳಸುತ್ತವೆ. ಹೀಗೆ ಕಳ್ಳ ಕೆಳಗಿನ ರಂಧ್ರದಲ್ಲಿಯೇ ಸಿಕ್ಕಿಬಿದ್ದ.

ಇದರೊಡನೆ ಇನ್ನೊಂದು ಒಗಟೂ ಬಿಡಿಸಿಕೊಂಡಿತು. ಸ್ಪೀಕರು ಹಾಕಿ ಮಾತನಾಡುವಾಗಲೂ ಹಲವು ಫೋನುಗಳು ಮೇಲಿನ ಮೈಕನ್ನೇ ಆಶ್ರಯಿಸುತ್ತವೆ. ಅಜ್ಜಿ ಅಡುಗೆಮನೆಯಲ್ಲಿ ಕೈ ಬಿಡುವಿಲ್ಲದ ದಿನಗಳಲ್ಲಿ ಸ್ಪೀಕರು ಹಾಕುತ್ತಿದ್ದರು. ಬಿಡುವಾಗಿದ್ದ ದಿನ ಫೋನನ್ನು ಕಿವಿಗಿಟ್ಟುಕೊಂಡು ನೆಮ್ಮದಿಯಾಗಿ ಕೂರುತ್ತಿದ್ದರು. ಮಗಳು ಎಣಿಸುತ್ತಿದ್ದ 'ಅಮ್ಮ ಪರವಾಗಿಲ್ಲ' ಎಂಬ ದಿನಗಳೆಲ್ಲ ಒಗ್ಗರಣೆಯ ದಿನಗಳು. ವಿಶ್ರಾಂತಿಯ ದಿನಗಳಲ್ಲೆಲ್ಲ ಅವರು ಕಾಯಿಲೆಯವರಾಗುತ್ತಿದ್ದರು!

ಎಲ್ಲ ಮನೆಯಲ್ಲಿಯೂ ಕಾರಣ ಇದೇ ಎನ್ನುವಂತಿಲ್ಲ. ರೆಕಾರ್ಡಿಂಗು ಚೆನ್ನಾಗಿದ್ದು ಒಂದು ಆ್ಯಪಿನಲ್ಲಿ ಮಾತ್ರ ಧ್ವನಿ ಹೋಗದಿದ್ದರೆ ಸೆಟ್ಟಿಂಗ್ಸಿನಲ್ಲಿ ಆ ಆ್ಯಪಿಗೆ ಮೈಕಿನ ಅನುಮತಿ ಇದೆಯೇ ನೋಡಬೇಕು. 2021ರಲ್ಲಿ ಬಂದ ಆ್ಯಂಡ್ರಾಯ್ಡ್ 12ರಿಂದ ಈಚೆಗೆ ಆ್ಯಪುಗಳಿಗೆಲ್ಲ ಒಮ್ಮೆಗೇ ಮೈಕನ್ನು ಮುಚ್ಚುವ ಗುಂಡಿಯೊಂದೂ ಬಂದಿದೆ. ಮಕ್ಕಳ ಬೆರಳು ತಾಕಿ ಅದು ಮುಚ್ಚಿಕೊಂಡಿದ್ದರೆ ಆಶ್ಚರ್ಯವಿಲ್ಲ. ಪಕ್ಕದ ಕೋಣೆಯಲ್ಲಿ ಬಿದ್ದಿರುವ ಬ್ಲೂಟೂತ್ ಇಯರ್‌ಫೋನು ಫೋನಿಗೆ ಜೋಡಿಯಾಗಿದ್ದರೆ, ಫೋನು ಒಡೆಯನನ್ನು ಬಿಟ್ಟು ಆ ಖಾಲಿ ಕೋಣೆಯ ಮಾತನ್ನು ಕೇಳುತ್ತ ಕುಳಿತಿರುತ್ತದೆ. ಇವುಗಳ ಮಧ್ಯೆ ಒಮ್ಮೆ ಫೋನನ್ನು ಆರಿಸಿ ಹೊತ್ತಿಸುವುದು ಹೇಗೂ ಇದ್ದೇ ಇದೆ.

ಸರಸ್ವತೀಪುರದ ಫೋನಿನಲ್ಲಿ ಮೊದಲು ಕವಚವನ್ನು ಕಳಚಲಾಯಿತು. ಫುಟ್‌ಪಾತಿನಲ್ಲಿ ಕೊಂಡ ಆ ರಬ್ಬರು ಕವಚ ಬೇರೆ ಯಾವುದೋ ಫೋನಿನದು. ಅದರ ಕಂಡಿಯೊಂದು ಕಡೆ, ಮೈಕಿನ ಕಂಡಿಯೊಂದು ಕಡೆ. ಅದರ ಕೆಳಗೆ, ರಂಧ್ರದ ಬಾಯಲ್ಲಿ, ಬೆಳ್ಳಗಿನ ಗಟ್ಟಿ ಪದರ. ಫೋನಿನ ಸ್ಥಾನ ಹಿಟ್ಟಿನ ಡಬ್ಬಿಯ ಪಕ್ಕದ ಗೂಡು. ದೀಪಾವಳಿಗೆ ಚಕ್ಕುಲಿ ಮಾಡಿದ್ದರು. ಮೊಮ್ಮಗ ಸೂಜಿ ಹುಡುಕಲು ಎದ್ದ. ಸದ್ಯ, ಡಬ್ಬಿಯಲ್ಲಿ ಸಿಕ್ಕಲಿಲ್ಲ. ಈ ರಂಧ್ರಕ್ಕೆ ಸೂಜಿ ಹಾಕಿದವರು ಬಹಳ ಮಂದಿ. ಸಿಮ್ ತೆಗೆಯುವ ಕಡ್ಡಿಯನ್ನು ಇದೇ ಸಿಮ್ಮಿನ ಕಂಡಿಯೆಂದು ತಿಳಿದು ಚುಚ್ಚಿದವರೂ ಉಂಟು. ಪೊರೆ ಹರಿದರೆ ಮತ್ತೆ ಹೊಲಿಯುವಂತಿಲ್ಲ. ಆಮೇಲೆ ದಾರಿ ರಿಪೇರಿ ಅಂಗಡಿಯೊಂದೇ. ಬಾಯಿಂದ ಊದುವುದೂ ಬೇಡ, ಉಸಿರಿನ ತೇವಕ್ಕೆ ಹಿಟ್ಟು ಇನ್ನಷ್ಟು ಅಂಟುತ್ತದೆ. ನೀರು ಬಿದ್ದ ಫೋನನ್ನು ಅಕ್ಕಿಡಬ್ಬಿಯಲ್ಲಿ ಹೂಳುವ ಪದ್ಧತಿಯೂ ಒಳ್ಳೆಯದಲ್ಲ. ಅಕ್ಕಿಯ ಪುಡಿ ಇದೇ ಕಂಡಿಗಳಿಗೆ ಸೇರುತ್ತದೆ. ಕೊನೆಗೆ ಹೊಸ ಹಲ್ಲುಜ್ಜುವ ಬ್ರಷ್ಷೊಂದು ಸಿಕ್ಕಿತು, ಮೃದುವಾದದ್ದು. ಫೋನನ್ನು ಆರಿಸಿ, ರಂಧ್ರವನ್ನು ಕೆಳಮುಖವಾಗಿ ಹಿಡಿದು, ಹಗುರವಾಗಿ ಉಜ್ಜಿದ. ಚಕ್ಕುಲಿಹಿಟ್ಟು ಪುಡಿಪುಡಿಯಾಗಿ ಉದುರಿತು.

ಮತ್ತೆ ರೆಕಾರ್ಡು ಮಾಡಿ ಕೇಳಿಸಿದಾಗ ಅಜ್ಜಿ ಬೆಚ್ಚಿದರು. "ಇದು ನನ್ನ ಸ್ವರವಲ್ಲ ಕಣೋ, ನಮ್ಮಮ್ಮನದು." ಮನುಷ್ಯ ತನ್ನ ಸ್ವರವನ್ನು ಅರ್ಧ ಗಾಳಿಯಿಂದ, ಅರ್ಧ ತನ್ನ ತಲೆಯ ಮೂಳೆಗಳಿಂದ ಕೇಳುತ್ತಾನೆ, ಯಂತ್ರಕ್ಕೆ ಸಿಗುವುದು ಗಾಳಿಯ ಪಾಲು ಮಾತ್ರ. ಅದಕ್ಕೇ ತನ್ನ ಸ್ವರ ತನಗೇ ಅಪರಿಚಿತ. ಮೊಮ್ಮಗ ಇದನ್ನು ವಿವರಿಸಲು ಹೊರಟ. ಅವರು ಕೇಳಿಸಿಕೊಳ್ಳಲಿಲ್ಲ, ಆ ಹುರುಳಿಕಾಯಿಯ ಮಾತನ್ನು ಇನ್ನೂ ಎರಡು ಸಾರಿ ಹಾಕಿಸಿ ಕೇಳಿದರು.

ಸಂಜೆ ದೀಪ ಹಚ್ಚಿ ಪುಣೆಗೆ ಫೋನು ಮಾಡಿದರು. ತಿಂಗಳಿನಿಂದ ಬಂದ ಅಭ್ಯಾಸ, ಗಂಟಲೆತ್ತಿ ಕೂಗಿದರು.

"ಅಮ್ಮಾ," ಎಂದಳು ಮಗಳು ಗಾಬರಿಯಿಂದ, "ಯಾಕೆ ಹೀಗೆ ಕಿರುಚುತ್ತಿದ್ದೀಯ? ಕಿವಿ ಏನಾದರೂ ಮಂದವಾಯಿತೇ?"