ಅವ್ವನ ಮುಖ, ಅವ್ವನ ಹೆಸರು

ನಾಗಣಸೂರಿನ ನಮ್ಮ ಹಳೆಯ ಮನೆಗಳಲ್ಲಿ ತಾಯಂದಿರ ಭಾವಚಿತ್ರಗಳು ವಿರಳ. ಮದುವೆಯ ಚಿತ್ರಗಳಲ್ಲಿಯೂ ಅವರು ಹಿಂದಿನ ಸಾಲಿನಲ್ಲಿ ಸೆರಗು ಮುಂದೆಳೆದುಕೊಂಡು ನಿಂತವರು. ಅವರ ಮುಖವನ್ನು ಮೊದಲ ಬಾರಿಗೆ ನೇರವಾಗಿ ಹಿಡಿದದ್ದು ಸರಕಾರದ ಕ್ಯಾಮರಾ. ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದ 1993ರಲ್ಲಿ ಮತದಾರರಿಗೆ ಭಾವಚಿತ್ರವುಳ್ಳ ಗುರುತಿನ ಚೀಟಿ ಕೊಡಬೇಕೆಂಬ ಆದೇಶ ಹೊರಟಿತು. ನಮ್ಮೂರಿನ ಸರದಿ ಬಂದ ದಿನ ಅವ್ವ ಪೆಟ್ಟಿಗೆಯಲ್ಲಿದ್ದ ಇಳಕಲ್ಲ ಸೀರೆ ಉಟ್ಟು ಹೋಗಿದ್ದಳು.

2010ರ ಸೆಪ್ಟೆಂಬರ್ 29ರಂದು ನಮ್ಮದೇ ರಾಜ್ಯದ ನಂದುರಬಾರ ಜಿಲ್ಲೆಯ ಟೆಂಭಲಿಯಲ್ಲಿ ಆಧಾರ ಯೋಜನೆ ಆರಂಭವಾಯಿತು. ಮುಂದೆ ಅವ್ವನಿಗೂ ಆ ಚೀಟಿ ದೊರೆಯಿತು. ಮುಖ ಅದೇ ಇತ್ತು. ಹೆಸರು ಮಾತ್ರ ಬೇರೆಯಾಗಿತ್ತು.

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ರಚನೆಯಾದಾಗ ಅಕ್ಕಲಕೋಟ ಅದರೊಳಗೆ ಉಳಿಯಿತು. ನಮ್ಮ ಮನೆಮಾತು ಕನ್ನಡ, ದಫ್ತರದ ಮಾತು ಮರಾಠಿ. ಮರಾಠಿಯನ್ನು ನಾವು ಪರಕೀಯವೆಂದು ಎಣಿಸಿದವರಲ್ಲ. ಸಂತೆ, ಬಸ್ಸು, ಕೋರ್ಟು ಎಲ್ಲೆಡೆ ಅದು ನಮ್ಮ ನಾಲಗೆಯ ಮೇಲಿದೆ. ಆದರೆ ಕಿವಿಗೆ ಕೇಳಿದಂತೆ ಬರೆದುಕೊಂಡವರ ಕೈಯಲ್ಲಿ ಅವ್ವನ ಹೆಸರಿನ ಕೊನೆಯ ‘ವ್ವ’ ರೇಶನ್ ಕಾರ್ಡಿನಲ್ಲಿ ‘ವಾ’ ಆಯಿತು, ಮತದಾರರ ಚೀಟಿಯಲ್ಲಿ ‘ವ್ವಾ’ ಆಯಿತು, ಆಧಾರದಲ್ಲಿ ‘ಬಾಯಿ’ ಆಯಿತು. ಮರಾಠಿಯ ಬರಹದಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಇಂಗ್ಲಿಷಿಗೆ ಹೋದಾಗ ಉಳಿದದ್ದೂ ಸವೆಯುತ್ತದೆ.

ವೃದ್ಧಾಪ್ಯ ವೇತನದ ಅರ್ಜಿ ಕೊಟ್ಟಾಗ ಈ ಅಕ್ಷರಗಳು ಅಡ್ಡಬಂದವು. ಮೂರು ಚೀಟಿಗಳನ್ನು ಮೇಜಿನ ಮೇಲಿಟ್ಟು ಅವ್ವ ಕೇಳಿದಳು: “ಯಪ್ಪಾ, ಮಾರಿ ನಂದೇ ಹೌದಲ್ಲ? ನಾನೂ ನಿನ್ನ ಮುಂದೇ ನಿಂತೀನಲ್ಲ?” ಗುಮಾಸ್ತರು ಮುಖ ನೋಡಲಿಲ್ಲ, ಅಕ್ಷರ ನೋಡಿದರು. ಈ ಮೂವರೂ ಒಬ್ಬಳೇ ಎಂದು ಸ್ಟ್ಯಾಂಪ್ ಪೇಪರಿನ ಮೇಲೆ ಪ್ರತಿಜ್ಞಾಪತ್ರ ಮಾಡಿಸಿದೆವು. ಕೂಲಿ ಬಿಟ್ಟು ನಾಲ್ಕು ಸಲ ಓಡಾಡಿದೆವು. ವೇತನ ಮಂಜೂರಾಯಿತು, ಅವ್ವ ಅದನ್ನು ಉಂಡದ್ದು ಹನ್ನೊಂದು ತಿಂಗಳು.

ಅವಳು ತೀರಿಕೊಂಡಾಗ ಗೋಡೆಗೆ ಹಾಕಲು ಬೇರೆ ಚಿತ್ರವಿರಲಿಲ್ಲ. ಮತದಾರರ ಚೀಟಿಯದನ್ನೇ ದೊಡ್ಡದು ಮಾಡಿಸಿದೆವು. ಮುಖ ಸ್ವಲ್ಪ ಮಸುಕಾಗಿದೆ, ಇಳಕಲ್ಲ ಸೆರಗಿನ ಅಂಚು ಕಾಣುತ್ತದೆ. ಕೆಳಗೆ ಅವಳ ಹೆಸರನ್ನು ಕನ್ನಡದಲ್ಲಿ ಬರೆಯಿಸಿದೆವು, ‘ವ್ವ’ದ ಒತ್ತು ತಪ್ಪದಂತೆ.

ಬಂಧುಗಳೇ, ಮಕ್ಕಳ ಹೆಸರು ನೋಂದಾಯಿಸುವಾಗ ಪಕ್ಕದಲ್ಲಿ ನಿಂತು ಒಂದೊಂದಕ್ಷರ ಓದಿ ನೋಡಿರಿ. ಎಲ್ಲ ಚೀಟಿಗಳಲ್ಲಿ ಒಂದೇ ಬಗೆಯಾಗಿ ಬರೆಯಿಸಿರಿ. ಮನೆಯ ಹಿರಿಯರ ಚಿತ್ರವೊಂದನ್ನು, ಯಾವ ಕಚೇರಿಯೂ ಕೇಳದಿದ್ದರೂ, ಇಂದೇ ತೆಗೆಸಿಡಿರಿ.