ಬನಕ್ಕೆ ಇಪ್ಪತ್ತು ಸೆಂಟ್ಸ್

ಕಾಪು
ಮೇ ಕೊನೆಯ ವಾರ

ಪ್ರೀತಿಯ ಅಕ್ಕ,

ನಿನ್ನೆ ರಾತ್ರಿ ಮೊದಲ ಮಳೆ ಬಂತು. ಬೆಳಿಗ್ಗೆ ಎದ್ದವಳೇ ಬಾವಿಗೆ ಇಣುಕಿದೆ. ನೀರು ಏರಿರಲಿಲ್ಲ, ಆದರೆ ಒರತೆಯ ಬಾಯಲ್ಲಿ ಕಲ್ಲು ಒದ್ದೆಯಾಗಿತ್ತು. ಅದನ್ನು ನೋಡಿಯೇ ಈ ಕಾಗದಕ್ಕೆ ಕೂತೆ. ಫೋನಿನಲ್ಲಿ ಹೇಳಿದರೆ "ಆಯ್ತು, ನೋಡುವ" ಅಂತ ನೀನು ಮುಂಬಯಿಯ ಗಡಿಬಿಡಿಗೆ ಮರಳುತ್ತಿ. ಈ ಮಾತು ಹಾಗೆ ಮುಗಿಯಬಾರದು.

ನಮ್ಮ ನಾಗಬನದ ವಿಷಯ. ಮರ ಕಡಿಸಿ, ಸುತ್ತ ಕಾಂಕ್ರೀಟ್ ಹಾಕಿ, ನಾಗನಿಗೆ ಗ್ರಾನೈಟಿನ ಕಟ್ಟೆ ಕಟ್ಟಿಸುವ ಎಂದು ಕುಟುಂಬದಲ್ಲಿ ಮಾತಾಗಿದೆಯಲ್ಲ. ದುಡ್ಡು ಕಳಿಸುತ್ತೇನೆ ಎಂದು ನೀನು ಒಪ್ಪಿದ್ದು ಭಕ್ತಿಯಿಂದಲೇ, ನನಗೆ ಗೊತ್ತು. ಆದರೂ ಹಣ ಕಳಿಸುವ ಮೊದಲು ನಾನು ಕಂಡದ್ದನ್ನು ಕೇಳು.

ಹೋದ ತಿಂಗಳು ಒಂದು ಬಿಂದಿಗೆ ನೀರನ್ನು ಪಕ್ಕದ ಮನೆಯವರ ಹೊಸ ನಾಗನಕಟ್ಟೆಯ ಎದುರಿನ ಅಂಗಳಕ್ಕೆ ಸುರಿದೆ. ಸಿಮೆಂಟಿನ ಮೇಲೆ ಹರಿದು, ಗೇಟು ದಾಟಿ, ರಸ್ತೆಗೆ ಸೇರಿತು. ಇನ್ನೊಂದು ಬಿಂದಿಗೆ ತಂದು ನಮ್ಮ ಬನದ ರೆಂಜೆ ಮರದ ಬುಡದಲ್ಲಿ ಸುರಿದೆ. ತರಗೆಲೆಯ ಮೇಲೆ ಒಂದು ಗಳಿಗೆ ನಿಂತು, ಸದ್ದಿಲ್ಲದೆ ಇಳಿದುಹೋಯಿತು. ಎಲೆ ಸರಿಸಿದರೆ ಕೆಳಗಿನ ಮಣ್ಣು ಕಪ್ಪಗೆ, ತಣ್ಣಗೆ ಇತ್ತು, ಅದೂ ಏಪ್ರಿಲಿನ ಮಧ್ಯಾಹ್ನ! ನಾಗನಿಗೆ ತಂಪು ಬೇಕು ಅಂತ ಅಮ್ಮ ಹೇಳುತ್ತಿದ್ದದ್ದು ಇದನ್ನೇ ಅಲ್ಲವಾ?

ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ. ಆದರೂ ಬೇಸಗೆಗೆ ಟ್ಯಾಂಕರಿಗೆ ಕಾಯುವ ಹಾಗಾಗಿದೆ. 2019ರ ಮೇ ತಿಂಗಳು ನೆನಪಿದೆಯಾ? ಉಡುಪಿ, ಮಣಿಪಾಲಕ್ಕೆ ನೀರು ಕೊಡುವ ಬಜೆ ಅಣೆಕಟ್ಟಿನ ತಳ ಕಂಡಿತ್ತು. ಜನ ಸ್ವರ್ಣಾ ನದಿಗೆ ಇಳಿದು, ಗುಂಡಿಗಳಲ್ಲಿ ಉಳಿದ ನೀರಾದರೂ ಬಜೆಗೆ ಹರಿದು ಬರಲೆಂದು ಕಲ್ಲು, ಮರಳು ಸರಿಸಿ ಶ್ರಮದಾನ ಮಾಡಿದರು. ಮಳೆ ಕಡಿಮೆಯಾದರೆ ಕಷ್ಟ ಹೌದು. ಆದರೆ ಬಿದ್ದ ಮಳೆಯನ್ನು ಹಿಡಿದಿಡುವ ಗುಡ್ಡೆ, ಹಾಡಿ, ಗದ್ದೆ ಕಡಿಮೆಯಾದರೆ ಎಷ್ಟು ಮಳೆ ಬಂದರೂ ಕಷ್ಟವೇ. ಕಡಲ ಬದಿಯ ನಮಗಂತೂ ಸಿಹಿನೀರಿನ ಮಟ್ಟ ಕೆಳಗಿಳಿದಷ್ಟೂ ಬಾವಿಗೆ ಉಪ್ಪು ನುಗ್ಗುತ್ತದೆ.

ಸ್ವರ್ಣೆ ಇಳಿದು ಬರುವುದು ಕಾರ್ಕಳದ ಆಚೆಯ ಘಟ್ಟದಿಂದ. ಆ ಘಟ್ಟದ ಕಾಡು ಉಳಿದದ್ದೂ ತಾನಾಗಿ ಅಲ್ಲ ಅಕ್ಕ. 1980ರ ದಶಕದಲ್ಲಿ ನಮ್ಮ ಕೋಟದ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಅಲ್ಲಿ ಸಿಂಗಳೀಕಗಳನ್ನು ಹುಡುಕುತ್ತ ನಡೆದರು. ಅವರ ಆ ಹುಡುಕಾಟದ ವರದಿಯ ಮೇಲೆ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಆಮೇಲೂ ಅದಿರು ಅಗೆಯುವುದು ನಿಲ್ಲಲಿಲ್ಲ. ಕೊಡಗಿನ ಕೆ. ಎಂ. ಚಿಣ್ಣಪ್ಪನವರಂಥವರು ಸುಪ್ರೀಂ ಕೋರ್ಟಿನವರೆಗೂ ಹೋದ ಮೇಲೆ 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಹೆಬ್ರಿಯ ಮೇಲಿನ ಸೋಮೇಶ್ವರ ಅಭಯಾರಣ್ಯ ಮೊದಲು 88 ಚದರ ಕಿಲೋಮೀಟರ್ ಇತ್ತು, ಈಗ 314. ಸೀತಾ ನದಿ ಆ ಕಾಡಿನ ನಡುವೆಯೇ ಹರಿಯುತ್ತದೆ. ಕಾಡು ಕುಗ್ಗುವುದನ್ನೇ ಕೇಳಿ ಕೇಳಿ ಸೋತ ನನಗೆ ಕಾಡನ್ನು ಹಿಗ್ಗಿಸಲೂ ಆಗುತ್ತದೆ ಎಂದು ಧೈರ್ಯ ಕೊಟ್ಟ ಲೆಕ್ಕ ಅದು.

ಅಷ್ಟು ದೊಡ್ಡ ಕೆಲಸ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಮನೆಯ ಹಿಂದಿನ ಗುಡ್ಡೆ. ಅದಕ್ಕೇ ಎರಡು ವರ್ಷದಿಂದ ನಾವು ನಾಲ್ಕೈದು ಹೆಂಗಸರು ಸಂಜೆ ಹೊತ್ತು ಮನೆ ಮನೆಗೆ ಹೋಗುತ್ತಿದ್ದೇವೆ. ಗುಡ್ಡೆಗೆ ಜೆಸಿಬಿ ತರಿಸಬೇಡಿ, ಸೈಟು ಮಾಡಲೇಬೇಕಿದ್ದರೆ ಮೇಲಿನ ಹಾಡಿಯನ್ನಾದರೂ ಬಿಡಿ ಅಂತ ಕೇಳುತ್ತೇವೆ. ಮೊದಮೊದಲು ಚಹಾ ಕೊಟ್ಟು ಮಾತು ತಿರುಗಿಸಿದರು. ಹೋದ ವರ್ಷ ಡಿಸೆಂಬರಿನಲ್ಲಿ ತೋಡಿಗೆ ಹಳೆಯ ಕ್ರಮದಂತೆ ಕಟ್ಟ ಹಾಕಿದೆವು. ಕಲ್ಲು, ಮಣ್ಣು, ಮರಳಿನ ಚೀಲ, ನಡುವೆ ಅಡಿಕೆ ಸೋಗೆ. ಕಾಸರಗೋಡಿನ ಶ್ರೀಪಡ್ರೆಯವರು ಇಷ್ಟು ವರ್ಷ ಬರೆದು, ತಿರುಗಿ ಹೇಳುತ್ತ ಬಂದದ್ದೇ ಇದು. ಕಟ್ಟದ ಹಿಂದೆ ಮಾರ್ಚಿವರೆಗೂ ನೀರು ನಿಂತಿತು, ಕೆಳಗಿನ ಮೂರು ಬಾವಿಗಳಲ್ಲಿ ಏಪ್ರಿಲಿನಲ್ಲೂ ಕೊಡ ಮುಳುಗಿತು. ಆಮೇಲೆ ಚಹಾ ಕೊಟ್ಟವರೇ ಹಾರೆ ಹಿಡಿದು ಬಂದರು. ಮಕ್ಕಳು ಗುಡ್ಡೆಯಲ್ಲಿ ಇಂಗುಗುಂಡಿ ತೋಡಿದರು. 2021ರಲ್ಲಿ ಉಡುಪಿಯ ಸುತ್ತ ಹಡಿಲು ಬಿದ್ದ ಗದ್ದೆಗಳಲ್ಲಿ ಮತ್ತೆ ನಾಟಿ ಮಾಡಿದರಲ್ಲ, ಅದನ್ನು ನೋಡಿ ಇಬ್ಬರು ತಮ್ಮ ಗದ್ದೆಗೂ ನೀರು ಕಟ್ಟಿದ್ದಾರೆ. ನೀರು ನಿಂತ ಗದ್ದೆಯೂ ಬಾವಿಗೆ ಉಣಿಸುತ್ತದೆ.

ಈಗ ನಮ್ಮ ಬನಕ್ಕೂ ಮೇಲಿನ ಹಾಡಿಗೂ ನಡುವೆ ಬೋಳಾಗಿ ಉಳಿದಿರುವುದು ಒಂದೇ ತುಂಡು. ಅದು ನಿನ್ನ ಪಾಲಿನ ಇಪ್ಪತ್ತು ಸೆಂಟ್ಸ್.

ಅದನ್ನು ಮಾರಬೇಡ ಅಕ್ಕ. ದಾನ ಕೊಡು ಅಂತಲೂ ಕೇಳುವುದಿಲ್ಲ, ಹೆಸರು ನಿನ್ನದೇ ಇರಲಿ. ಅಲ್ಲಿ ಮರ ಏಳಲು ಬಿಡುತ್ತೇನೆ, ಬನವನ್ನು ಹಾಡಿಗೆ ಸೇರಿಸಿ ಬೆಳೆಸಿಕೊಳ್ಳಿ ಎಂದು ಎಲ್ಲರ ಎದುರು ಒಂದು ಮಾತು ಹೇಳು. ನೀನು ಹಿರಿಯವಳು, ನೀನು ಹೇಳಿದರೆ ದೊಡ್ಡಣ್ಣ ಎದುರಾಡುವುದಿಲ್ಲ. ಗ್ರಾನೈಟಿಗೆ ಇಟ್ಟ ದುಡ್ಡಿನಲ್ಲಿ ಕಲ್ಲಿನ ಸಣ್ಣ ಪಾಗಾರ ಕಟ್ಟಿಸುವ, ದನ ನುಗ್ಗದಷ್ಟು. ರೆಂಜೆ, ಹಾಲೆ, ನಾಗಸಂಪಿಗೆ ಸಸಿಗಳನ್ನು ನಾನೇ ಮಾಡಿಟ್ಟಿದ್ದೇನೆ, ಹಿತ್ತಲಲ್ಲಿ ಗೇಣುದ್ದ ಆಗಿವೆ. ಆಟಿ ತಿಂಗಳ ಮಳೆಗೆ ನೆಟ್ಟರೆ ಬೇರು ಹಿಡಿಯುತ್ತವೆ.

ನಾಗರಪಂಚಮಿಗೆ ಬಾ. ಹಾಲು, ಸೀಯಾಳದ ತನು ಎರೆದ ಮೇಲೆ ನಿನ್ನ ಕೈಯಿಂದಲೇ ಮೊದಲ ಸಸಿ ಇಡಿಸುತ್ತೇನೆ. ಚಿಕ್ಕಂದಿನಲ್ಲಿ ರೆಂಜೆ ಹೂವು ಹೆಕ್ಕಿ ನನ್ನ ಲಂಗದ ಮಡಿಲಿಗೆ ತುಂಬಿಸಿದವಳು ನೀನು. ಆ ಮರ ಈ ವರ್ಷವೂ ಹೂ ಬಿಟ್ಟಿತ್ತು. ಒಂದು ಹಿಡಿ ಒಣಗಿಸಿ ಈ ಕಾಗದದೊಳಗೆ ಇಟ್ಟಿದ್ದೇನೆ, ಒಣಗಿದರೂ ಪರಿಮಳ ಹೋಗಿಲ್ಲ.

ನಿನ್ನ ಮಾತಿಗೆ ಕಾಯುತ್ತಿರುವ,
ನಿನ್ನ ತಂಗಿ