ಹಂಡೆಯ ಬಿಸಿನೀರು, ಮನೆಯ ಬೆಳಕು: ಉಡುಪಿ ಸೀಮೆಯಲ್ಲೊಂದು ಪ್ರವಾಸ

ಉಡುಪಿಗೆ ಹೋದವರು ದೇವರ ದರ್ಶನ ಮಾಡಿ, ಮಲ್ಪೆಯ ಕಡಲು ಕಂಡು, ಮಸಾಲೆ ದೋಸೆ ಸವಿದು ಮರಳುವುದು ವಾಡಿಕೆ. ನಾವು ಈ ಬಾರಿ ಕುಟುಂಬಸಮೇತ ಆಗುಂಬೆ ಘಾಟಿ ಇಳಿದು, ಹೆಬ್ರಿಯ ಮಾರ್ಗವಾಗಿ ಆ ಸೀಮೆಯನ್ನು ಪ್ರವೇಶಿಸಿದಾಗ ಮನಸ್ಸಿನಲ್ಲಿ ಇನ್ನೊಂದು ಕುತೂಹಲವೂ ಇತ್ತು. ಒಲೆಗೆ ಉರಿ, ಬಚ್ಚಲಿಗೆ ಬಿಸಿನೀರು, ಕೋಣೆಗೆ ಬೆಳಕು ಎಂಬ ಮೂರು ಅಗತ್ಯಗಳನ್ನು ಈ ನಾಡು ಹೇಗೆ ಪೂರೈಸಿಕೊಂಡಿದೆ, ಮುಂದೆ ಹೇಗೆ ಪೂರೈಸಿಕೊಳ್ಳಬಹುದು ಎಂಬುದೇ ಆ ಕುತೂಹಲ.

ಉಡುಪಿಯ ಕಟ್ಟಿಗೆ ರಥ

ಅಷ್ಟಮಠಗಳಲ್ಲಿ ಕೃಷ್ಣಪೂಜೆಯ ಅಧಿಕಾರವು ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಮತ್ತೊಂದಕ್ಕೆ ಸಲ್ಲುತ್ತದೆ. ಅದಕ್ಕೆ ಮೊದಲು ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳು ನಡೆಯುತ್ತವೆ. ಮಧ್ವ ಸರೋವರದ ಬಳಿ ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುವ ಸಂಪ್ರದಾಯ ನೋಡತಕ್ಕದ್ದು. ಸಾವಿರಾರು ಜನರಿಗೆ ಅನ್ನ ನೀಡುವ ಅಡುಗೆಮನೆಗೆ ಅಕ್ಕಿಯಷ್ಟೇ ಇಂಧನವೂ ಮುಖ್ಯ, ಅದನ್ನು ಮುಂಚಿತವಾಗಿಯೇ ಕೂಡಿಡಬೇಕು ಎಂಬ ಹಿರಿಯರ ವಿವೇಕ ಅಲ್ಲಿದೆ.

ಮಣಿಪಾಲದ ಉಳಿತಾಯ

ಉಡುಪಿಯಿಂದ ಪೂರ್ವಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಮಣಿಪಾಲದ ಗುಡ್ಡ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಇಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದು ಎಲ್ಲರೂ ಬಲ್ಲ ಸಂಗತಿ. ಅದಕ್ಕೂ ಮೊದಲು, 1925ರಲ್ಲಿ, ಅವರೂ ಉಪೇಂದ್ರ ಅನಂತ ಪೈಯವರೂ ವಾಮನ ಶ್ರೀನಿವಾಸ ಕುಡ್ವರೂ ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಈ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಬೆಳಕಿನ ಕಥೆಗೂ ಇದಕ್ಕೂ ನಂಟಿದೆ. 1995ರಲ್ಲಿ ಹರೀಶ್ ಹಂದೆಯವರು ಸಹಸ್ಥಾಪಕರಾಗಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿ, ಹಳ್ಳಿಯ ಮನೆಗಳಿಗೆ ಸೌರದೀಪ ಒದಗಿಸಲು ಹೊರಟಾಗ ದೊಡ್ಡ ತೊಡಕಾಗಿದ್ದುದು ಯಂತ್ರವಲ್ಲ, ಹಣ. ಒಮ್ಮೆಲೇ ಸಾವಿರಾರು ರೂಪಾಯಿ ಕೊಡಲಾಗದ ಕುಟುಂಬ ತಿಂಗಳ ಕಂತು ಕಟ್ಟಬಲ್ಲದು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನೊಡನೆ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೌರದೀಪಕ್ಕೆ ಕಡಿಮೆ ಬಡ್ಡಿಯ ಸಾಲ ನೀಡತೊಡಗಿದವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಹೊಸ ಯಂತ್ರವು ಬಡವರ ಮನೆ ಸೇರಬೇಕಾದರೆ ಅದಕ್ಕೆ ತಕ್ಕ ಸಾಲದ ವ್ಯವಸ್ಥೆಯೂ ಬೇಕು ಎಂಬುದು ಮಣಿಪಾಲದ ಪಾಠ.

ಕಾಪು ಮತ್ತು ಎಲ್ಲೂರು

ಕಾಪುವಿನ ಕಡಲತೀರದ ಬಂಡೆಯ ಮೇಲೆ 1901ರ ದೀಪಸ್ತಂಭ ನಿಂತಿದೆ. ಮೇಲೇರಿದರೆ ಒಂದೆಡೆ ಅಪಾರ ಸಾಗರ, ಇನ್ನೊಂದೆಡೆ ತೆಂಗಿನ ಹಸಿರು. ಇದೇ ತಾಲ್ಲೂಕಿನ ಎಲ್ಲೂರಿನಲ್ಲಿ ಸೀಯಾಳದ ಅಭಿಷೇಕಕ್ಕೆ ಹೆಸರಾದ ವಿಶ್ವೇಶ್ವರನ ಪ್ರಾಚೀನ ಸನ್ನಿಧಿಯಿದೆ. ಅದೇ ಊರಿನಲ್ಲಿ ಆಮದು ಕಲ್ಲಿದ್ದಲಿನಿಂದ ನಡೆಯುವ 1,200 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವೂ ಇದೆ. ರಾಜ್ಯದ ಎಷ್ಟೋ ಮನೆಗಳ ದೀಪಕ್ಕೆ ಇದು ಆಧಾರವೆಂಬುದು ನಿಜ. ಬೂದಿಯಿಂದಲೂ ಉಪ್ಪುನೀರಿನಿಂದಲೂ ಮಲ್ಲಿಗೆಯ ತೋಟ, ಬಾವಿಗಳು ಕೆಟ್ಟವೆಂದು ಸುತ್ತಲಿನವರು ವರ್ಷಗಟ್ಟಲೆ ದೂರಿದ್ದೂ ನಿಜ. ಪರಿಸರಹಾನಿಗಾಗಿ ಸುಮಾರು 52 ಕೋಟಿ ರೂಪಾಯಿ ತೆರುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಆದೇಶಿಸಿತು. ಮಲ್ಲಿಗೆ ಕಟ್ಟಿ ಬದುಕುವ ಮನೆಗಳಿಗೆ ಈ ಪ್ರಶ್ನೆ ಅನ್ನದ ಪ್ರಶ್ನೆಯೇ ಸರಿ.

ಇಂತಹ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗುವುದು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ಉಳಿದುದು ಚಿಮಣಿಯಿಂದಲೂ ತಂಪುಗೊಳಿಸುವ ನೀರಿನಿಂದಲೂ ವ್ಯರ್ಥವಾಗಿ ಹೊರಹೋಗುತ್ತದೆ. ಆದರೆ ಅಲ್ಲಿಂದ ಅನತಿದೂರದ ಮನೆಗಳಲ್ಲಿ ಸ್ನಾನದ ನೀರಿಗಾಗಿ ತೆಂಗಿನ ಗರಿ, ಸಿಪ್ಪೆ, ಅಡಿಕೆಯ ಹಾಳೆಗಳನ್ನು ಹಂಡೆಯ ಕೆಳಗೆ ಉರಿಸುತ್ತಾರೆ. ನಾವು ಬಿಸಿಲಿನಲ್ಲಿ ನೀರು ಕಾಯಿಸುವ ಸಾಧನದ ಮಾತೆತ್ತಿದಾಗ ಹಿರಿಯ ಗೃಹಿಣಿಯೊಬ್ಬರು, "ಬೇಸಗೆಗೆ ಆದೀತು. ಆಟಿ ತಿಂಗಳಲ್ಲಿ ಎಂತ ಮಾಡುವುದು? ಸೂರ್ಯನೇ ಇಲ್ಲ, ಸೌದೆಯೂ ಒದ್ದೆ" ಎಂದರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ಸೀಮೆಯಲ್ಲಿ ಈ ಮಾತನ್ನು ಅಲ್ಲಗಳೆಯಲಾಗದು.

ಈ ಕೊರತೆಗೆ ಜಪಾನಿನಲ್ಲಿ ಕಂಡುಕೊಂಡ ಒಂದು ಉತ್ತರ ಇಂಧನ ಕೋಶ. ಇದರಲ್ಲಿ ಜಲಜನಕವೂ ಗಾಳಿಯ ಆಮ್ಲಜನಕವೂ ಉರಿಯಿಲ್ಲದೆ ಸಂಯೋಗಗೊಂಡು ವಿದ್ಯುತ್ತು, ಶಾಖ ಮತ್ತು ನೀರನ್ನು ಕೊಡುತ್ತವೆ. ವೇಲ್ಸಿನ ವಿಲಿಯಂ ಗ್ರೋವ್ 1839ರಲ್ಲಿಯೇ ಈ ತತ್ತ್ವವನ್ನು ತೋರಿಸಿದ್ದರು. ಚಂದ್ರನಲ್ಲಿಗೆ ಹೋದ ಅಪೋಲೊ ನೌಕೆಗಳಿಗೆ ವಿದ್ಯುತ್ತು ಸಿಕ್ಕಿದ್ದೂ ಯಾತ್ರಿಗಳಿಗೆ ಕುಡಿಯುವ ನೀರು ದೊರೆತದ್ದೂ ಇದರಿಂದಲೇ. ಜಪಾನಿನಲ್ಲಿ 2009ರಿಂದ 'ಎನೆ-ಫಾರ್ಮ್' ಎಂಬ ಹೆಸರಿನಲ್ಲಿ ಮನೆಬಳಕೆಯ ಇಂಧನ ಕೋಶಗಳು ಮಾರಾಟವಾಗುತ್ತಿದ್ದು, 4 ಲಕ್ಷಕ್ಕೂ ಹೆಚ್ಚು ಅಳವಡಿಕೆಯಾಗಿವೆ. ಕಪಾಟಿನಷ್ಟು ಗಾತ್ರದ ಪೆಟ್ಟಿಗೆ ಮನೆಯ ಹೊರಗೋಡೆಯ ಬಳಿ ನಿಂತು ಸುಮಾರು 700 ವಾಟ್ ವಿದ್ಯುತ್ ಕೊಡುತ್ತದೆ. ಅದರ ಶಾಖ ತೊಟ್ಟಿಯ ನೀರನ್ನು ಕಾಯಿಸುತ್ತದೆ. ದೀಪವೂ ಹಂಡೆಯೂ ಒಂದೇ ಯಂತ್ರದಲ್ಲಿ! ಮಳೆಗಾಲವೂ ಇದಕ್ಕೆ ಅಡ್ಡಿಯಲ್ಲ.

ಆದರೆ ಎರಡು ಮಾತನ್ನು ಮರೆಯುವಂತಿಲ್ಲ. ಮೊದಲಿಗೆ 30 ಲಕ್ಷ ಯೆನ್ನಿನಷ್ಟಿದ್ದ ಬೆಲೆ ಒಂದು ದಶಕದಲ್ಲಿ ಮೂರನೆಯ ಒಂದು ಭಾಗಕ್ಕೆ ಇಳಿದರೂ ಸಾಮಾನ್ಯ ಕುಟುಂಬಕ್ಕೆ ಅದು ದುಬಾರಿಯೇ. ಎರಡನೆಯದಾಗಿ, ಅಲ್ಲಿ ಜಲಜನಕವನ್ನು ಕೊಳವೆಯ ಅನಿಲದಿಂದ ಪಡೆಯುವುದರಿಂದ ಇಂಗಾಲವು ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಸೌರವಿದ್ಯುತ್ತಿನಿಂದ ನೀರನ್ನು ವಿಭಜಿಸಿಯೋ ಸಗಣಿಯ ಅನಿಲದಿಂದಲೋ ಜಲಜನಕ ಪಡೆದಾಗ ಮಾತ್ರ ಅದು ನಿಜವಾಗಿ ಹಸಿರು. 2023ರಲ್ಲಿ ಕೇಂದ್ರ ಸರಕಾರ 19,744 ಕೋಟಿ ರೂಪಾಯಿಗಳ ಹಸಿರು ಜಲಜನಕ ಯೋಜನೆಯನ್ನು ಅಂಗೀಕರಿಸಿದೆಯಾದರೂ ಅದರ ದೃಷ್ಟಿ ಹೆಚ್ಚಾಗಿ ಕೈಗಾರಿಕೆಗಳ ಕಡೆಗಿದೆ.

ಕಾರ್ಕಳದ ಗೇರುಸಿಪ್ಪೆ

ಕಾರ್ಕಳದ ಬಂಡೆಗುಡ್ಡದ ಮೇಲೆ 1432ರಲ್ಲಿ ಪ್ರತಿಷ್ಠಾಪನೆಗೊಂಡ 42 ಅಡಿಯ ಗೊಮ್ಮಟನ ಎದುರು ನಿಂತಾಗ ಮನಸ್ಸು ತಾನಾಗಿ ಮೌನವಾಗುತ್ತದೆ. ಕೆಳಗಿನ ಊರುಗಳಲ್ಲಿ ಗೇರುಬೀಜದ ಕಾರ್ಖಾನೆಗಳೂ ಕುಚ್ಚಲಕ್ಕಿಯ ಗಿರಣಿಗಳೂ ಇವೆ. ಗೇರುಸಿಪ್ಪೆ ಉರಿದು ಗೇರುಬೀಜ ಬೇಯುತ್ತದೆ, ಉಮಿ ಉರಿದು ಭತ್ತ ಬೇಯುತ್ತದೆ. ಕೈಗೆ ಬಂದ ಶಾಖವನ್ನು ಕೈಯಳತೆಯಲ್ಲಿಯೇ ಬಳಸಿಕೊಳ್ಳುವ ಬುದ್ಧಿ ಈ ನೆಲಕ್ಕೆ ಹೊಸದಲ್ಲ. ಇಂಧನ ಕೋಶದ ಹಿಂದಿರುವುದೂ ಅದೇ ಬುದ್ಧಿ.

ಗೃಹಸ್ಥರಿಗೆ ಎರಡು ಮಾತು

ಇಂಧನ ಕೋಶವು ನಮ್ಮ ಅಂಗಳಕ್ಕೆ ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಹಸುಗಳಿರುವ ಮನೆಗೆ ಗೋಬರ್ ಗ್ಯಾಸ್, ಬಯಲುಸೀಮೆಯ ಮನೆಗೆ ಸೌರ ನೀರುಕಾಯಿಸುವ ಸಾಧನ ಇಂದೇ ಸಾಧ್ಯ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಛಾವಣಿಯ ಸೌರವಿದ್ಯುತ್ತಿಗೆ 78,000 ರೂಪಾಯಿಗಳವರೆಗೆ ಸಹಾಯಧನವಿದೆ. ರಾಜ್ಯದಲ್ಲಿ 2023ರಿಂದ 200 ಯೂನಿಟ್‌ವರೆಗೆ ಗೃಹಜ್ಯೋತಿಯ ಉಚಿತ ವಿದ್ಯುತ್ತಿರುವಾಗ ಇದೇಕೆ ಎಂದು ಕೆಲವರು ಕೇಳಬಹುದು. ನಮಗೆ ಉಚಿತವಾದುದರ ಬೆಲೆಯನ್ನು ಎಲ್ಲೂರಿನಂತಹ ಊರೊಂದು ತೆರುತ್ತಿರುತ್ತದೆ ಎಂಬುದೇ ಅದಕ್ಕೆ ಉತ್ತರ.

ಪ್ರವಾಸ ಹೊರಡುವವರು ಮಳೆ ನಿಂತ ಮೇಲೆ, ಕಾರ್ತಿಕದಿಂದ ಮಾಘದವರೆಗೆ ಹೋಗುವುದು ಅನುಕೂಲ. ಉಡುಪಿಯಲ್ಲಿ ತಂಗಿದರೆ ಮಣಿಪಾಲ, ಕಾಪು, ಕಾರ್ಕಳಗಳನ್ನು ಎರಡು ದಿನಗಳಲ್ಲಿ ಬಸ್ಸಿನಲ್ಲಿಯೇ ಸುತ್ತಬಹುದು. ಮಕ್ಕಳಿಗೆ ಕಡಲನ್ನೂ ಗೊಮ್ಮಟನನ್ನೂ ತೋರಿಸುವಾಗ, ಹೊಗೆಯುಗುಳುವ ಚಿಮಣಿಯನ್ನೂ ಬಚ್ಚಲಿನ ಹಂಡೆಯನ್ನೂ ತೋರಿಸಿರಿ. ನಾಳೆ ಮನೆ ಕಟ್ಟುವವರು ಅವರೇ ಅಲ್ಲವೇ?